ಗಾಳಿ ಪರೀಕ್ಷೆ

ಎಲ್ ಆಲ್ಟೊ. ಹದಿಮೂರು ಸಾವಿರ ಅಡಿ ಎತ್ತರ.
ಇಲ್ಲಿ ಚಿಪ್ಸ್ ಪೊಟ್ಟಣವೂ ಗಡಿಗೆಯಂತೆ ಉಬ್ಬುತ್ತದೆ,
ಕರುಳೂ ಅಷ್ಟೆ:
ಉದ್ದಕ್ಕೆ ಬೆಳೆದು, ಗಾಳಿ ತುಂಬಿಕೊಂಡು
ಒಂದು ರಾತ್ರಿ ತನ್ನನ್ನು ತಾನೇ ಹೊಸೆದುಕೊಳ್ಳುತ್ತದೆ.

ಸಾತುರ್ನಿನಾ ಕಾಯಿಸಾಯಾಗೆ ಅರವತ್ತೊಂದು.
ಒರುರೊ ರಸ್ತೆಯಲ್ಲಿ ಪಂಕ್ಚರ್ ಅಂಗಡಿ.
ಹೊಟ್ಟೆ ನಗಾರಿ. ಮೂರು ದಿನದಿಂದ ಏನೂ ಹೊರಗೆ ಬಂದಿಲ್ಲ,
ಗಾಳಿ ಕೂಡ.

ನಾನು ದುಭಾಷಿ. ಕೈಯಲ್ಲಿ ಒಪ್ಪಿಗೆ ಪತ್ರ,
ಸ್ಪ್ಯಾನಿಷ್‌ನಲ್ಲಿ ಎರಡು ಪುಟ,
ಐಮಾರದಲ್ಲಿ ಎಷ್ಟು ಬಂದರೆ ಅಷ್ಟು.
ಕೆಟ್ಟ ತುಂಡು ಕತ್ತರಿಸಿ, ಉಳಿದೆರಡು ತುದಿ ಸೇರಿಸಿ
ಹೊಲಿಯುತ್ತಾರೆ ಅಂದೆ.
ಸೋಂಕು ಅಂದೆ. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ
ಎದೆಗೆ ಏರಬಹುದು ಅಂದೆ.
ಹೊಲಿಗೆ ಸಡಿಲಾಗಿ ಮುಂದೆ ಹರ್ನಿಯಾ; ಕರುಳಿಗೆ ಕರುಳು ಅಂಟಿ
ಎಷ್ಟೋ ವರ್ಷದ ಮೇಲೆ ಮತ್ತೆ ಇದೇ ಮೇಜು.
ಹೊಟ್ಟೆಯ ಮೇಲೆ ಬಾಯಿ ತೆರೆದು ಚೀಲ ಕಟ್ಟಬೇಕಾದೀತು ಅಂದಾಗ
ಕಳಚಿಟ್ಟ ಬಟ್ಟೆಯ ಗಂಟಿನ ಕಡೆ ನೋಡಿದಳು:
“ಐದು ಲಂಗ ಉಡುತ್ತೇನೆ. ಯಾರಿಗೆ ಕಾಣುತ್ತೆ? ಮುಂದೆ ಹೇಳು.”

ಮುಂದಿನ ಪದ, ಸೋರಿಕೆ.
ನನ್ನ ಅಪ್ಪ ಐದನೆಯ ದಿನ ಹೋದದ್ದು ಈ ಪದದಲ್ಲಿ.
ನೀರು ಕುಡಿದು ಬಂದು ಹೇಳಿದೆ:
ಸೇರಿಸಿದ ಜಾಗ ಬಿಟ್ಟುಕೊಳ್ಳಬಹುದು, ನೂರಕ್ಕೆ ಏಳೆಂಟು ಮಂದಿಗೆ.

ಅವಳು ಮೊದಲ ಸಲ ಎದ್ದು ಕೂರಲು ನೋಡಿದಳು.
“ಪ್ಯಾಚು ಹಾಕಿದ ಮೇಲೆ
ನೀರಲ್ಲಿ ಮುಳುಗಿಸಿ ನೋಡ್ತಾರಾ?”

ಡಾಕ್ಟರ್ ಒರೆಯಾನಾ ಪೆನ್ನು ಕೆಳಗಿಟ್ಟರು.
“ನೋಡುತ್ತೇವೆ. ಹೊಟ್ಟೆಯೊಳಗೆ ನೀರು ಹುಯ್ದು,
ಕೆಳಗಿನಿಂದ ಗಾಳಿ ಊದಿ.”
“ಗುಳ್ಳೆ ಎದ್ದರೆ?”
“ಮತ್ತೆ ಹೊಲಿಗೆ.”
“ಏಳದಿದ್ದರೆ?”
“ಮುಚ್ಚುತ್ತೇವೆ.”

“ಗುಳ್ಳೆ ಏಳದ ಟ್ಯೂಬೂ ಒರುರೊ ಮುಟ್ಟುವ ಮುಂಚೆ ಕೈಕೊಟ್ಟದ್ದುಂಟು.
ಗಿರಾಕಿಗೆ ನಾನು ಅದನ್ನ ಹೇಳೋದಿಲ್ಲ.
ನೀವು ಹೇಳಿದ್ರಿ.”
ಹೆಬ್ಬೆರಳು ಚಾಚಿದಳು.
ರಬ್ಬರಿನ ಕಪ್ಪು ಗೆರೆಗೆರೆಯಲ್ಲೂ ಇಳಿದಿತ್ತು;
ಶಾಯಿಯ ಡಬ್ಬಿ ಹುಡುಕುತ್ತಿದ್ದ ನರ್ಸು ಸುಮ್ಮನೆ ನಿಂತಳು.

ನಾಲ್ಕನೆಯ ದಿನ, ಬೆಳಗಿನ ಜಾವ,
ಹನ್ನೊಂದು ಹಾಸಿಗೆಗೂ ಕೇಳುವ ಹಾಗೆ
ಹೂಸು ಬಿಟ್ಟಳು.
ಹೆಂಗಸರು ಚಪ್ಪಾಳೆ ತಟ್ಟಿದರಂತೆ.
ನಗಬೇಡಿರೇ, ಹೊಲಿಗೆ ಎಳೀತದೆ ಅಂತ
ದಿಂಬು ಅವುಚಿಕೊಂಡು ಅವಳೇ ನಕ್ಕಳಂತೆ.
ಚಾರ್ಟಿನಲ್ಲಿ ಬರೆದಿದೆ: ಗಾಳಿ ಹೋಯಿತು. ಗಂಜಿ ಕೊಡಬಹುದು.

ನಾಳೆ ಐದನೆಯದು.
ನನಗೆ ನಾಳೆ ರಜೆ.
ಬರುತ್ತೇನೆ.