ಭೌರವ್ವನ ಹೇಳಿಕಿ

ಮೈಂದರ್ಗಿಯ ನಮ್ಮ ಓಣಿಯಲ್ಲಿ
ಯಾರ ಮನೆಯ ಕುಬಸವಿರಲಿ, ತೊಟ್ಟಿಲಿರಲಿ
ಹೇಳಿಕಿಗೆ ಹೋಗುವವಳು ಭೌರವ್ವ.
ಎಡಗೈಯಲ್ಲಿ ಕುಂಕುಮದ ಬಟ್ಟಲು,
ಬಲಗೈ ಉಂಗುರಬೆರಳು ಸದಾ ಕೆಂಪು.
ಹೊಸ್ತಿಲಲ್ಲಿ ನಿಂತು ಒಂದೇ ಬೊಟ್ಟು:
ಒಲೆ ಮುಂದೆ ಕೂತವಳು ಏಳುತ್ತಾಳೆ,
ಸೀರೆ ಬದಲಿಸುತ್ತಾಳೆ, ಪಕ್ಕದ ಮನೆಗೆ ಕೂಗುತ್ತಾಳೆ,
ಸಂಜೆಗೆ ಪಡಸಾಲೆ ತುಂಬುತ್ತದೆ.

ಆ ಭೌರವ್ವನ ರಕ್ತದಲ್ಲಿ
ಬಿಳಿಕಣ ಒಂದು ಲಕ್ಷ ಎಂಬತ್ತು ಸಾವಿರ.
ಸೊಲ್ಲಾಪುರದ ದವಾಖಾನೆಯ ಕಾಗದ ಇಂಗ್ಲಿಷಿನಲ್ಲಿ,
ಡಾಕ್ಟರರ ಮಾತು ಮರಾಠಿಯಲ್ಲಿ,
ಅವಳ ಅಂಜಿಕೆ ಕನ್ನಡದಲ್ಲಿ.
ಕನ್ನಡ ಶಾಲೆಯ ವಿಜ್ಞಾನದ ಮಾಸ್ತರ ನಾನು,
ಅದಕ್ಕೇ ಕರೆಸಿದರು.

‘ಕೈನೇಸ್’ ಎಂದೆ.
‘ಕೈ ಅಂದರ ಗೊತ್ತಾತು. ನೇಸ್ ಅಂದರ?
ಕೈಲೆ ನೇಯೋದೇನು? ನಮ್ಮ ಮಾವ ನೇಯತಿದ್ದ.’
ನೇಯೋದಲ್ಲವ್ವಾ, ಹಚ್ಚೋದು.
ನೀನು ಕುಂಕುಮ ಹಚ್ಚುವ ಹಾಗೆ
ಜೀವಕೋಶದ ಓಣಿಯಲ್ಲಿ ಅದೂ
ಬಟ್ಟಲಿನಿಂದ ಚಿಟಿಕೆ ಫಾಸ್ಫೇಟು ತೆಗೆದು
ಎದುರು ಸಿಕ್ಕ ಪ್ರೋಟೀನಿಗೆ ಇಡುತ್ತದೆ.
ಇಡಿಸಿಕೊಂಡದ್ದು ಎದ್ದು ಹೋಗಿ ಮುಂದಿನದಕ್ಕೆ.
ಹೀಗೆ ಕದದಿಂದ ಕದಕ್ಕೆ ಒಳಮನೆಯ ತನಕ ಸುದ್ದಿ:
ಬೆಳೆ, ಒಡೆದು ಎರಡಾಗು,
ಗಾಯ ತುಂಬು, ಇವತ್ತು ಬೇಡ, ಸುಮ್ಮನಿರು.
ಐದುನೂರಕ್ಕೂ ಮಿಕ್ಕಿ ಇಂಥ ಕೈಗಳಿವೆ ನಮ್ಮೊಳಗೆ.
ಬೆನ್ನಹಿಂದೆಯೇ ಬೇರೆ ಕೈಗಳು ಬಂದು
ಒದ್ದೆ ಬಟ್ಟೆಯಲ್ಲಿ ಬೊಟ್ಟು ಒರೆಸುತ್ತವೆ.

‘ಮತ್ತ ನನಗೇನಾಗ್ಯದ?’

ಒಂಬತ್ತನೆಯ ಎಳೆಯದೊಂದು ತುಂಡು,
ಇಪ್ಪತ್ತೆರಡನೆಯದರದೊಂದು ತುಂಡು,
ಎಲುಬಿನ ಮಜ್ಜೆಯಲ್ಲಿ ಅದಲುಬದಲಾಗಿ ಹೊಲಿಗೆ ಬಿದ್ದಿವೆ.
ಆ ಹೊಲಿಗೆಯಲ್ಲಿ ಹುಟ್ಟಿದ ಕೈಗೆ
ಯಾವ ಮನೆಯವರೂ ಹೇಳಿ ಕಳಿಸಿಲ್ಲ.
ಮದುವೆಯಿಲ್ಲ, ಮುಹೂರ್ತವಿಲ್ಲ,
ಹಗಲೂ ರಾತ್ರಿ ಕದ ತಟ್ಟುತ್ತದೆ: ಬರ್ರಿ, ಬರ್ರಿ.
ಬಂದವರೆಲ್ಲ ಬಿಳಿ ಉಟ್ಟವರು.
ಕೂಡಲು ಜಾಗ ಸಾಲದೆ ಗುಲ್ಮಕ್ಕೆ ನುಗ್ಗಿ
ಎಡಪಕ್ಕೆಯ ಕೆಳಗೆ ಗಟ್ಟಿಯಾಗಿ ಕೂತಿದ್ದಾರೆ.

ಅವಳು ಪಕ್ಕೆ ಒತ್ತಿ ನೋಡಿಕೊಂಡಳು.
‘ಮಂದಿ ಬಂದರ ಉಣಿಸಿ ಕಳಿಸಬೇಕು ತಮ್ಮಾ.
ಕೂತೇ ಬಿಟ್ಟರ?’
ಬಾಜಿನ ಮೇಲಿಂದ ಸಾತಲಿಂಗಪ್ಪ ನಕ್ಕ, ಆಮೇಲೆ ನಗಲಿಲ್ಲ.
ಅವನದು ಸಕ್ಕರೆ ಕಾಯಿಲೆ, ಹದಿನಾಲ್ಕು ವರ್ಷ.
ಇನ್ಸುಲಿನ್ ಬಂದು ಬಾಗಿಲಲ್ಲಿ ನಿಂತರೂ
ಒಳಗಿನ ಕೈಗೆ ಜೋಮು; ಬೊಟ್ಟು ಮುಂದಕ್ಕೆ ದಾಟುವುದಿಲ್ಲ,
ಸಕ್ಕರೆ ಅಂಗಳದಲ್ಲೇ ಉಳಿಯುತ್ತದೆ.
ಅದನ್ನು ನಾನು ಹೇಳಲಿಲ್ಲ. ಚಹಾ ಬಂತು,
ಒಂದು ಕಪ್ಪಿಗೆ ಸಕ್ಕರೆ ಇರಲಿಲ್ಲ.

ದಿನಕ್ಕೊಂದು ಗುಳಿಗೆ, ಹಳೆಯ ಅರಿಶಿಣದ ಬಣ್ಣ.
ಆ ಹುಚ್ಚು ಕೈಯ ಬಟ್ಟಲಲ್ಲಿ ಅದೇ ಹೋಗಿ ಕೂರುತ್ತದೆ;
ಬೆರಳದ್ದಿದರೆ ಕುಂಕುಮವಿಲ್ಲ.
ಕೈ ಇದ್ದಲ್ಲೇ ಇದೆ, ತಟ್ಟುತ್ತದೆ,
ಹಣೆಗೆ ತಾಗುವುದು ಬರಿ ಬೆರಳು, ಯಾರೂ ಏಳುವುದಿಲ್ಲ.
ಅವಳ ಕಣ್ಣರೆಪ್ಪೆ ಬಾತವು,
ನಡುರಾತ್ರಿ ಮೀನಖಂಡ ಹಿಡಿದುಕೊಂಡವು,
ಮೂರು ತಿಂಗಳಿಗೆ ಎಣಿಕೆ ಒಂಬತ್ತು ಸಾವಿರಕ್ಕಿಳಿಯಿತು.
ಕೆಲವರಲ್ಲಿ ಬಟ್ಟಲಿನ ಅಂಚು ಸೊಟ್ಟಗಾಗಿ
ಗುಳಿಗೆ ಕೂಡ್ರದಂತಾಗುವುದೂ ಉಂಟು.
ಪುಸ್ತಕದಲ್ಲಿ ಓದಿದ್ದೇನೆ. ಅವಳು ಕೇಳಿಲ್ಲ.

ನಿನ್ನೆ ನಮ್ಮ ಮನೆಗೂ ಬಂದಿದ್ದಳು,
ಬಳಿಗಾರರ ಸೊಸೆಯ ಕುಬಸದ ಹೇಳಿಕಿಗೆ.
ನನ್ನ ಹೆಂಡತಿಗೆ ಬೊಟ್ಟಿಟ್ಟು, ಸೆರಗಿನ ಗಂಟು ಬಿಚ್ಚಿ,
‘ಒಂಬತ್ತಾತು. ಉಂಡೇ ಬಂದೀನಿ.
ದೊಡ್ಡ ಲೋಟದಾಗ ನೀರು ಕೊಡು’ ಎಂದಳು.
ನಿಂತೇ ನುಂಗಿದಳು, ಕಡೆಯ ಹನಿವರೆಗೂ ಕುಡಿದಳು.
ಇನ್ನೂ ಇಪ್ಪತ್ತಾರು ಮನೆ ಉಳಿದಿದ್ದವು.

ಲೋಟದ ಮೇಲೆ ಉಂಗುರಬೆರಳಿನ ಕೆಂಪು.
ತೊಳೆದೆ.
ಒಂದು ಸಲಕ್ಕೆ ಹೋಗಲಿಲ್ಲ.