ಇಪ್ಪತ್ತೆಂಟು ಗುಳಿಗೆ

ಬೈತಖೋಲದ ಬೋಟಿನಿಂದ ಬಂದವನು.
ಬಲೆಯ ಹಗ್ಗ ಅಂಗೈ ಸೀಳಿತ್ತು.
ರಕ್ತ ತೆಗೆದೆ, ಸೂಜಿ
ಗ್ಲೌಸು ದಾಟಿ
ನನ್ನ ಹೆಬ್ಬೆರಳಿಗೆ ಬಂತು.
ಬೆಚ್ಚಿದ ಕೈಯಿಂದ ಟ್ಯೂಬು ಬಿದ್ದು ಒಡೆಯಿತು.
‘ನೋವಾಯ್ತಾ ಸಿಸ್ಟರ್?’
ಅಂದವನು ಅವನೇ.

ನಲ್ಲಿಯ ಕೆಳಗೆ ಬೆರಳು ಹಿಡಿದು ನಿಂತೆ.
ಆಯಿಗೆ ಮಾರ್ಕೆಟ್ಟಿನಲ್ಲಿ ದಿನಾ
ಶೆಟ್ಲಿಯ ಕೊಂಬು ಚುಚ್ಚುತ್ತಿತ್ತು;
ಬೆರಳು ಚೀಪಿ, ಉಗಿದು,
ಮತ್ತೆ ಮೀನು ಪಾಲು ಹಾಕುತ್ತಿದ್ದಳು.

ಮತ್ತೊಮ್ಮೆ ರಕ್ತ ಕೇಳುವಷ್ಟರಲ್ಲಿ
ಹಾಸಿಗೆ ಖಾಲಿ. ಬೋಟು ಹೊರಟಿತ್ತಂತೆ.

ಇಂದು ಹನ್ನೊಂದನೆಯ ಗುಳಿಗೆ.
ಶ್ರಾವಣಿಗೆ ಕೈತುತ್ತೇ ಬೇಕು,
ಚಮಚ ಕೊಡುತ್ತೇನೆ.
ಊಟದಿಂದ ಹರಡುವುದಿಲ್ಲವೆಂದು
ಹೊಸ ಹುಡುಗಿಯರಿಗೆ ಕಲಿಸುವವಳು
ನಾನೇ.

ರಾತ್ರಿಪಾಳಿ. ಕಿಟಕಿಯಾಚೆ ಕಡಲಲ್ಲಿ
ಬೋಟುಗಳ ದೀಪ, ಹತ್ತೋ ಹನ್ನೆರಡೋ.
ರಿಜಿಸ್ಟರು ತೆರೆದು ನೋಡುತ್ತೇನೆ:
ಅವನ ಹೆಸರಿನ ಮೇಲೆ
ನೀರು ಬಿದ್ದಿದೆ.