ಉಪ್ಪು ಹತ್ತಿತೇನ

ಬೆಟಗೇರಿಗೆ ಹೊಳ್ಳಿ ಬಂದು ಇನ್ನೂರಾ ಹನ್ನೊಂದು ದಿನ.
ಬಂದವರೆಲ್ಲಾ ಹೊಸ್ತಿಲಾಚೆ ನಿಂತು ಅಂತಾರ:
ಗೆದ್ದಿ ಬಿಡವಾ, ಗಟ್ಟಿ ಜೀವ.
ಮಾಸ್ಕಿನೊಳಗ ನಗತೀನಿ.
ನಕ್ಕೆನೋ ಇಲ್ಲೋ ಅವರಿಗೆ ತಿಳಿಯಂಗಿಲ್ಲ,
ಮಾಸ್ಕಿನ ದೊಡ್ಡ ಉಪಕಾರ ಅದು.

ತುಳಸಿ ಕುಂಡ ಮಗ್ಗಲಮನಿಗೆ ಹೋತು,
ಮಣ್ಣಾಗ ಬೂಷ್ಟಿರತೈತಿ ಅಂದ್ರು ಡಾಕ್ಟರು.
ಮಲ್ಲಿಗಿ ಬ್ಯಾಡ, ಹಸಿ ಉಳ್ಳಾಗಡ್ಡಿ ಬ್ಯಾಡ,
ಸ್ಟೇಶನ್ ರೋಡಿನ ಗಿರಮಿಟ್ಟು ಬ್ಯಾಡ.
ಬ್ಯಾಡಾದ್ದರ ಪಟ್ಟಿ ಫ್ರಿಜ್ಜಿಗೆ ಅಂಟಿಸೈತಿ.
ಅಳಬ್ಯಾಡ ಅಂತ ಅದರಾಗ ಬರದಿಲ್ಲ,
ಆದ್ರೂ ಎಲ್ಲಾರೂ ಅದನ್ನ ಮೊದಲು ಓದತಾರ.

ಕೊಟ್ಟಾಂವ ಗುರುಸಿದ್ದ, ನನ್ನ ತಮ್ಮ.
ಅಪ್ಪನ ಮಗ್ಗ ಮಾರಿದ್ದಕ್ಕ
ಒಂಬತ್ತು ವರ್ಷ ಮಾತಿರಲಿಲ್ಲ.
ಹತ್ತಕ್ಕ ಹತ್ತೂ ಕೂಡತೈತಿ ಅಂತ ಹುಬ್ಬಳ್ಳಿಯಿಂದ ರಿಪೋರ್ಟು ಬಂದಾಗ
ಅವ್ವ ಅಂದಳು: ಜಗಳಾ ಒಂದ ಬಿಟ್ಟು.

ನಂದು ಬಿ ಗುಂಪು ಇತ್ತು. ಈಗ ಅವಂದು, ಓ.
ಸ್ಕೂಟಿ ಲೈಸನ್ಸಿನಾಗ ಹಳೇ ನಾನು
ಇನ್ನೂ ಬಿ ಆಗೇ ಕುಂತೀನಿ, ಉದ್ದ ಜಡಿ ಹಾಕ್ಕೊಂಡು.
ಅಪ್ಪ ಕೊಂಡಿ ಹಾಕಿ, ಎಳೆ ಎಳೆಗೆ,
ಸೆರಗಿನ ಹಾಸನ್ನ ಒಡಲಿನ ಹಾಸಿಗೆ ಕೂಡಸತಿದ್ದ.
ಜಗ್ಗಿದ್ರ ಹರೀತಿದ್ದಿಲ್ಲ,
ಬೆರಳಾಡಿಸಿದ್ರ ಸಂದು ಮಾತ್ರ ತಿಳೀತಿತ್ತು.
ರಾತ್ರಿ ಎರಡಕ್ಕ ಎಚ್ಚರಾಗಿ
ಆ ಸಂದು ಹುಡುಕತೀನಿ, ಮೈ ತುಂಬಾ.

ಮಂಗಳವಾರ ಸಂಜಿ ಹಾನಗಲ್ಲಿಂದ ಜೈತುನಬಿ ಫೋನು.
ಆಕಿದು ನಾಕನೇ ವರ್ಷ.
ಧೈರ್ಯ ತಗೋ ಅನ್ನಂಗಿಲ್ಲ, ಕೇಳೂದೊಂದ:
ಇವತ್ತ ನಾಲಿಗಿಗೆ ಉಪ್ಪು ಹತ್ತಿತೇನ?
ಇಲ್ಲ ಅಂದ್ರ,
ನನಗ ಹದಿನಾಲ್ಕು ತಿಂಗಳು ಹತ್ತಿದ್ದಿಲ್ಲ ತಗೋ, ಅಂತಾಳ.
ಆಮ್ಯಾಲೆ ಆಕಿ ಮನೀ ಕುಕ್ಕರಿನ ಸೀಟಿ ಇಬ್ಬರೂ ಎಣಸತೀವಿ.

ಹೋದ ವಾರ ಅದನ್ನೂ ಹೇಳಿಬಿಟ್ಟೆ:
ಬಾಜೂ ಖೋಲ್ಯಾಗ ಒಬ್ಬ ಸವಣೂರಿನ ಹುಡುಗ,
ಹತ್ತೊಂಬತ್ತು ವರ್ಷ,
ಗ್ಲಾಸಿನಾಚೆ ನಿಂತು ಬೆರಳಲೆ ಕ್ರಿಕೆಟ್ ಸ್ಕೋರು ತೋರಸತಿದ್ದ.
ಅಂವ ಮನಿಗೆ ಹೋಗಲಿಲ್ಲ. ನಾ ಬಂದೆ.
ಜೈತುನಬಿ ಸುಮ್ಮನಾದಳು. ಸೀಟಿ ಎರಡು ತಪ್ಪಿದವು.
ಹೆಸರೇನ ಅವಂದು? ಅಂದಳು.

ಮೈಲಾರಿ.

ಈ ಮನ್ಯಾಗ ಆ ಹೆಸರು
ಯಾರೂ ಅಂದಿದ್ದಿಲ್ಲ, ನಾ ಸೈತ.

ಇವತ್ತು ಐತವಾರ. ಗುರುಸಿದ್ದ ಬಂದು ಕಟ್ಟಿ ಮ್ಯಾಲೆ ಕುಂತಾನ,
ಸಿಪ್ಪಿ ತೆಗೀದ ಬಾಳಿಹಣ್ಣು ಹಿಡಕೊಂಡು, ಬೀಗರಂಗ.
ಎಲ್ಲಿತ್ತೋ ಏನೋ, ಬಾಯಿಂದ ಬಂತು:
ಮಗ್ಗ ನೀ ಮಾರಬಾರದಿತ್ತು.
ಅವ್ವ ಸೌಟು ಕೆಳಗಿಟ್ಟಳು.
ಅಂವ ನನ್ನ ಮಾರಿ ನೋಡಿದ,
ಆಮ್ಯಾಲೆ ಭುಜ ಅಲುಗೂವಂಗ ನಕ್ಕ:
ಅಬ್ಬಾ, ಬಂದೀಪಾ ನಮ್ಮಕ್ಕ!
ಇಷ್ಟು ದಿನ ನನ್ನ ದೇವರಂಗ ನೋಡತಿದ್ದಿ,
ಮನಿಗೆ ಬರಾಕ ಹೆದರಿಕಿ ಆಗತಿತ್ತು.

ಕತ್ತಲಾಗೂತನಕ ಜಗಳಾಡಿದಿವಿ,
ಇಬ್ಬರದೂ ಒಂದ ರಕ್ತ ಕುದಿಸಿಕೊಂಡು.

ಸಾರಿನಾಗ ಉಪ್ಪು ಇವತ್ತೂ ಹತ್ತಲಿಲ್ಲ.
ಖಾರ ಹತ್ತಿತು, ನಾಲಿಗೀ ತುದಿಗೆ, ಈಟ.
ಮಂಗಳವಾರಕ್ಕ ಇನ್ನೂ ಎರಡು ದಿನ ಐತಿ.